ಸಾವಿರ ಸೈಕಲ್ ಅಂದರೆ ಎಷ್ಟು ಸತು?

ಹಳೇ ಟಾರ್ಚಿನಲ್ಲಿ ಸೆಲ್ ಹಾಕಿಟ್ಟು ಮರೆತು, ವರ್ಷದ ಮೇಲೆ ತೆಗೆದು ನೋಡಿದ್ದೀರಾ? ಒಳಗೆಲ್ಲ ಅಂಟು, ಬಿಳೀ ಪುಡಿ. ಆ ಸೆಲ್ಲಿನ ಹೊರಡಬ್ಬಿಯೇ ಸತು, ಅದೇ ಅನೋಡ್ ಕೂಡ. ಕರಗುತ್ತಾ ಕರಗುತ್ತಾ ತೂತು ಬಿದ್ದಿರುತ್ತೆ. ಬಿಸಾಡೋ ಸೆಲ್ಲಿಗೆ ಇದು ದೊಡ್ಡ ತಲೆನೋವಲ್ಲ. ಅದೇ ಸತುವನ್ನು ಸಾವಿರ ಸಲ ಕರಗಿಸಿ, ಸಾವಿರ ಸಲ ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು ಅಂದಾಗ ಕಷ್ಟ ಶುರು.

ಇಷ್ಟೊಂದು ಕಷ್ಟ ಯಾಕೆ ಅಂದರೆ, ಸತು ಅಗ್ಗ, ನೀರಿನ ಎಲೆಕ್ಟ್ರೊಲೈಟ್‌ಗೆ ಬೆಂಕಿ ಹತ್ತಲ್ಲ. ಒಂದು ಘನ ಸೆಂಟಿಮೀಟರ್ ಸತುವಿನ ತಾತ್ವಿಕ ಸಾಮರ್ಥ್ಯ 5855 ಮಿಲಿಆಂಪಿಯರ್-ಗಂಟೆ. ಲಿಥಿಯಂ ಲೋಹದ ಹೆಚ್ಚೂಕಡಿಮೆ ಮೂರು ಪಟ್ಟು. ಹಗಲಿನ ಸೌರ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ಇದಕ್ಕಿಂತ ಇನ್ನೇನು ಬೇಕು?

ಈಗ ಕಾಯಿಲೆಗೆ ಬರೋಣ. ಚಾರ್ಜ್ ಮಾಡುವಾಗ ಅನೋಡಿನ ಒಂದು ಚುಕ್ಕಿ ಕೊಂಚ ಉಬ್ಬಿದ್ದರೂ ಸಾಕು, ವಿದ್ಯುತ್ ಕ್ಷೇತ್ರ ಅಲ್ಲೇ ತೀವ್ರವಾಗಿ ಸತುವಿನ ಅಯಾನುಗಳು ಅಲ್ಲಿಗೇ ಮುಗಿಬೀಳುತ್ತವೆ. ಉಬ್ಬು ಮುಳ್ಳಾಗುತ್ತೆ. ಇದೇ ಡೆಂಡ್ರೈಟ್. ಅದು ಸೆಪರೇಟರ್ ಚುಚ್ಚಿ ಕ್ಯಾಥೋಡ್ ಮುಟ್ಟಿದರೆ ಶಾರ್ಟ್. ಇನ್ನೊಂದು ಕಡೆ, ಸತುವಿನ ಪ್ರಮಾಣಕ ವಿಭವ −0.76 ವೋಲ್ಟ್. ಲೆಕ್ಕದ ಪ್ರಕಾರ ಅದು ನೀರಿನಲ್ಲಿ ಸುಮ್ಮನೆ ಕೂರುವಂತೆಯೇ ಇಲ್ಲ, ಜಲಜನಕ ಬಿಡಿಸುತ್ತಾ ಕರಗಬೇಕು. ಸತುವಿನ ಮೇಲೆ ಈ ಕ್ರಿಯೆ ನಿಧಾನ, ಅದರಿಂದ ಬಚಾವ್. ಆದರೆ ನಿಂತಿರೋದಿಲ್ಲ. ಜಲಜನಕ ಹೊರಟಲ್ಲಿ ಪಿಎಚ್ ಏರುತ್ತೆ. ಸತುವಿನ ಸಲ್ಫೇಟ್ ದ್ರಾವಣವಾದರೆ ಹೈಡ್ರಾಕ್ಸಿ ಸಲ್ಫೇಟಿನ ಬಿಳೀ ಪದರ ಕೂರುತ್ತೆ, ಅದರಲ್ಲಿ ವಿದ್ಯುತ್ ಹರಿಯಲ್ಲ. ಪದರ ಇಲ್ಲದ ಜಾಗದಲ್ಲೇ ಸತು ಗುಂಪುಗೂಡಿ ಮತ್ತೆ ಮುಳ್ಳು. ಮುಳ್ಳು ಬೆಳೆದಷ್ಟೂ ಮೇಲ್ಮೈ ಜಾಸ್ತಿ, ಜಲಜನಕವೂ ಜಾಸ್ತಿ. ಒಂದನ್ನು ಬಿಟ್ಟು ಒಂದನ್ನೇ ಸರಿಮಾಡ್ತೀವಿ ಅಂದರೆ ಆಗಲ್ಲ.

ದ್ರಾವಣದಲ್ಲಿ ಪ್ರತಿ ಸತು ಅಯಾನಿನ ಸುತ್ತ ಆರು ನೀರಿನ ಅಣುಗಳಿರುತ್ತವೆ, ಮೇಲ್ಮೈಯಲ್ಲಿ ಒಡೆಯೋದು ಇವೇ. 2018ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಚುನ್‌ಶೆಂಗ್ ವಾಂಗ್ ಅವರ ತಂಡ ಲಿಥಿಯಂ ಲವಣವನ್ನು ವಿಪರೀತ ಸಾಂದ್ರವಾಗಿ ಬೆರೆಸಿ ಈ ನೀರನ್ನೇ ದೂರ ಸರಿಸಿತು. ಸತು ಸುಮಾರು ಪೂರ್ತಿ ವಾಪಸ್ ಬಂತು. ಕೆಲಸವೇನೋ ಅಚ್ಚುಕಟ್ಟು, ಆದರೆ ಆ ಲವಣ ದುಬಾರಿ. ಅಗ್ಗದ ಬ್ಯಾಟರಿ ಮಾಡಹೊರಟು ದುಬಾರಿ ಲಿಥಿಯಂ ಲವಣ ಸುರಿಯೋದು ನಮಗೆ ಸರಿ ಕಾಣಲಿಲ್ಲ. ಅದೇ ವರ್ಷ ಇನ್ನೊಂದು ತಂಡ ಕ್ಯಾಲ್ಸಿಯಂ ಕಾರ್ಬೊನೇಟಿನ ನವಿರು ರಂಧ್ರಗಳ ಲೇಪ ಹಚ್ಚಿ ಸತು ಸಮನಾಗಿ ಕೂರುವಂತೆ ಮಾಡಿತು. ನಮಗೆ ಹೆಚ್ಚು ಹಿಡಿಸಿದ್ದು 2019ರ ಕಾರ್ನೆಲ್ ವಿಶ್ವವಿದ್ಯಾಲಯದ ಕೆಲಸ: ಗ್ರಾಫೀನ್ ಹಾಸಿನ ಮೇಲೆ ಸತುವಿನ ಷಟ್ಕೋನ ಹರಳುಗಳು ಮುಳ್ಳಾಗಿ ಏಳದೆ, ರೊಟ್ಟಿ ಜೋಡಿಸಿದ ಹಾಗೆ ಮಟ್ಟಸವಾಗಿ ಮಲಗಿದವು.

ಇನ್ನು ಪೇಪರುಗಳ ಶೀರ್ಷಿಕೆ ನೋಡಿ ನಾವೂ ಮೊದಮೊದಲು ಮೋಸಹೋದೆವು. 'ಸಾವಿರ ಸೈಕಲ್' ಅಂತಿರುತ್ತೆ. ಒಳಗೆ ಹುಡುಕಿದರೆ ಸತುವಿನ ಹಾಳೆಯ ದಪ್ಪ 100 ಮೈಕ್ರೊಮೀಟರ್. ಅದರಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 58 ಮಿಲಿಆಂಪಿಯರ್-ಗಂಟೆ ಇದೆ. ಪ್ರತಿ ಸೈಕಲ್‌ನಲ್ಲಿ ಬಳಸಿದ್ದು 1, ಅಂದರೆ ಶೇ. 2 ಕೂಡ ಅಲ್ಲ. ಡಬ್ಬಿ ತುಂಬ ಅಕ್ಕಿ ಇದ್ದಾಗ ದಿನಾ ಒಂದು ಚಮಚ ಚೆಲ್ಲಿದರೆ ಯಾರಿಗೆ ಗೊತ್ತಾಗುತ್ತೆ? ಹಾಳೆ 10 ಮೈಕ್ರೊಮೀಟರ್ ಇದ್ದು, ಅಷ್ಟೂ ಸತು ಪ್ರತಿ ಸಲ ಓಡಾಡಿ, ಶೇ. 99.5 ಮಾತ್ರ ವಾಪಸ್ ಬಂದರೆ ನೂರು ಸೈಕಲ್ಲಿಗೆ ಉಳಿಯೋದು 0.995ರ ನೂರನೇ ಘಾತ, ಸುಮಾರು ಶೇ. 61. ಶೇ. 99.9 ಬಂದರೆ ಶೇ. 90.

ಇನ್ನೊಂದು ಬಲೆಯೂ ಇದೆ. ಎರಡೂ ಕಡೆ ಸತುವೇ ಇಟ್ಟು ಪರೀಕ್ಷಿಸುವಾಗ ವೋಲ್ಟೇಜ್ ಥಟ್ಟನೆ ಇಳಿದು ಗೆರೆ ಸಪಾಟಾದರೆ ಖುಷಿಪಡಬೇಡಿ, ಒಳಗೆ ಮೆತ್ತಗೆ ಶಾರ್ಟ್ ಆಗಿರಬಹುದು. ಸೆಮಿನಾರಿಗೆ ಪೇಪರ್ ಆರಿಸುವವರು ಮೊದಲು ಹಾಳೆಯ ದಪ್ಪ ಹುಡುಕಿ, ಗ್ರಾಫ್ ಆಮೇಲೆ ನೋಡಿ.