ಬಂಡೀಪುರದ ಕಾಡಿನಲ್ಲಿ ಎಚ್ಚರಿಕೆಯ ಕೂಗು

ಮೈಸೂರಿನ ಚಾಮರಾಜಪುರಂನಲ್ಲಿ ಯಾವುದಾದರೂ ಮನೆಯ ಹಿತ್ತಲಿಗೆ ಬೆಕ್ಕು ನುಸುಳಿತೆನ್ನಿ. ಅದು ನಮ್ಮ ಕಣ್ಣಿಗೆ ಬೀಳುವ ಮೊದಲೇ ಮರದ ಮೇಲಿನ ಅಳಿಲು ಬಾಲವನ್ನು ಕುಣಿಸುತ್ತ ಒಂದೇ ಸಮನೆ ಕೂಗತೊಡಗುತ್ತದೆ. ಅಡಗಿರುವ ಪ್ರಾಣಿಯ ಸುಳಿವನ್ನು ಇನ್ನೊಂದು ಪ್ರಾಣಿ ಕೊಡುತ್ತದೆ ಎಂಬುದೇ ವನ್ಯಮೃಗಗಳ ವೀಕ್ಷಣೆಯಲ್ಲಿ ಮೊದಲ ಪಾಠ.

ಈ ಪಾಠವನ್ನು ಮುಂದುವರಿಸಲು ಇಲ್ಲಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿರುವ ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. 1931ರಲ್ಲಿ ಮೈಸೂರು ಮಹಾರಾಜರು ಇಲ್ಲಿಯ 90 ಚದರ ಕಿಲೋಮೀಟರು ಕಾಡನ್ನು ಮೃಗರಕ್ಷಣೆಗಾಗಿ ಮೀಸಲಿಟ್ಟರು; 1973ರಲ್ಲಿ ಇದು ಹುಲಿ ಯೋಜನೆಗೆ ಸೇರಿತು. ಸುಮಾರು 1450 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಈ ಕಾಡಿಗೆ ಸೇರಿದ್ದೇ.

ಇಲ್ಲಿ ಚುಕ್ಕೆಜಿಂಕೆಗಳ ಹಿಂಡು ಮುಸುವಗಳಿರುವ ಮರದ ಕೆಳಗೆ ಮೇಯುವುದನ್ನು ಮೇಲಿಂದ ಮೇಲೆ ಕಾಣುತ್ತೇವೆ. ಏತಕ್ಕೆ? ಮುಸುವಗಳು ಕೆಳಗೆ ಬೀಳಿಸುವ ಚಿಗುರು, ಹಣ್ಣುಗಳು ಜಿಂಕೆಗೆ ಆಹಾರವಾಗುತ್ತವೆ, ಇದೊಂದು ಕಾರಣ. ಇನ್ನೊಂದು ಕಾರಣ ಇಂದ್ರಿಯಗಳಿಗೆ ಸಂಬಂಧಿಸಿದ್ದು. ಜಿಂಕೆಯ ಮೂಗು, ಕಿವಿಗಳು ಬಹಳ ಚುರುಕು. ಆದರೆ ಅದರ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಎರಡೇ ಬಗೆ. ಆದಕಾರಣ ಕಿತ್ತಳೆಬಣ್ಣಕ್ಕೂ ಹಸಿರಿಗೂ ಇರುವ ಭೇದ ಅದಕ್ಕೆ ಚೆನ್ನಾಗಿ ತಿಳಿಯದು. ಅಲುಗಾಡದೆ ಕುಳಿತ ಹುಲಿ ಪೊದೆಯ ಭಾಗವಾಗಿಯೇ ತೋರಬಹುದು. ಮುಸುವಕ್ಕಾದರೋ ನಮ್ಮಂತೆ ಮೂರು ಬಗೆಯ ಶಂಕುಕೋಶಗಳುಂಟು. ಅದು ಕುಳಿತಿರುವುದೂ ಎತ್ತರದಲ್ಲಿ. ಹೀಗೆ ಒಂದರ ಕಣ್ಣು, ಇನ್ನೊಂದರ ಮೂಗು ಎರಡಕ್ಕೂ ಕಾವಲಾಗುತ್ತವೆ.

ವೀಕ್ಷಕನು ಈ ಕಾವಲಿನ ಭಾಷೆಯನ್ನು ಅರಿಯಬೇಕು. ಮುಸುವ ಗಂಟಲಿನಿಂದ ಗಡುಸಾಗಿ ಕೆಮ್ಮಿದಂತೆ ಕೂಗುತ್ತದೆ. ಜಿಂಕೆಯದು ತೀಕ್ಷ್ಣವಾದ ಚುಟುಕು ಕೂಗು. ಕಡವೆಯದು ದೂರಕ್ಕೆ ಕೇಳಿಸುವ ಗಟ್ಟಿ ದನಿ. ಒಂದೇ ಒಂದು ಕೂಗನ್ನು ನಂಬಿ ಹುಲಿ ಬಂದಿತೆಂದು ತೀರ್ಮಾನಿಸಲಾಗದು. ಸಣ್ಣ ಸದ್ದಿಗೂ ಜಿಂಕೆ ಬೆದರಬಹುದು. ಎರಡು ಮೂರು ಜಾತಿಯ ಪ್ರಾಣಿಗಳು ಒಂದೇ ದಿಕ್ಕಿಗೆ ಮುಖಮಾಡಿ ಬಿಡದೆ ಕೂಗಿದರೆ ಸಾಕ್ಷ್ಯ ಬಲವಾಗುತ್ತದೆ. ಹೊತ್ತು, ಗಾಳಿಯ ದಿಕ್ಕು, ಮೊದಲು ಕೂಗಿದ ಪ್ರಾಣಿ, ಕೂಗು ನಿಲ್ಲಲು ಹಿಡಿದ ಕಾಲ — ಇವಿಷ್ಟನ್ನು ವಿದ್ಯಾರ್ಥಿಗಳು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.

ವಾಹನದಲ್ಲಿ ಕುಳಿತವರು ಗದ್ದಲ ಮಾಡಿದರೆ ನಷ್ಟ ನಮ್ಮೊಬ್ಬರದೇ ಅಲ್ಲ. ಎಚ್ಚರಿಕೆಯ ಕೂಗು ಸದ್ದಿನಲ್ಲಿ ಮುಳುಗಿಹೋದರೆ ಜಿಂಕೆಯ ಜೀವಕ್ಕೇ ಸಂಚಕಾರ. ನಮ್ಮನ್ನು ನೋಡುತ್ತ ತಲೆಯೆತ್ತಿ ನಿಂತಷ್ಟು ಹೊತ್ತೂ ಅದಕ್ಕೆ ಮೇವು ತಪ್ಪುತ್ತದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವನ್ನು 2009ರಲ್ಲಿ ನಿಷೇಧಿಸಿದ್ದು ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲೆಂದು. ಹಗಲಿನಲ್ಲಿ ಕಾಡಿಗೆ ಹೋಗುವ ನಾವು ನಮ್ಮ ಪಾಲಿನ ನಿಯಮವನ್ನು ನಾವೇ ಹಾಕಿಕೊಳ್ಳಬೇಕು: ಪ್ರಾಣಿ ಮೇವು ಬಿಟ್ಟು ನಮ್ಮತ್ತ ತಿರುಗಿತೆಂದರೆ, ನಾವು ಮಿತಿಮೀರಿ ಹತ್ತಿರ ಬಂದಿದ್ದೇವೆಂದು ತಿಳಿದು ಹಿಂದೆ ಸರಿಯುವುದು.