‘ಗ್ಯಾಸ್ ಇರಬೇಕು ಬಿಡೋ’

ಹಾವೇರಿ ಜಿಲ್ಲೆಯ ನಮ್ಮ ಚಿಕ್ಕೇರೂರಿನಲ್ಲಿ ಎದೆನೋವಿಗೆ ಮೊದಲ ಮದ್ದು ಸಿಗುವುದು ಕಿರಾಣಿ ಅಂಗಡಿಯಲ್ಲಿ. ಒಂದು ಈನೋ ಪೊಟ್ಟಣ, ಒಂದು ಸೋಡಾ, ಇಲ್ಲವೇ ಮನೆಯ ಡಬ್ಬಿಯಲ್ಲಿರುವ ಅಜವಾನ. ಸಂಜೆ ಮಿರ್ಚಿ ಬಜಿ ತಿಂದವರಿಗೆ ಅದರಿಂದ ಹಗುರಾಗುವುದೂ ಉಂಟು. ನಂಬಿಕೆ ಗಟ್ಟಿಯಾಗಿರುವುದೇ ಅದಕ್ಕೆ. ಒಂದು ವರ್ಷ ಗೋವಿನಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಮನೆತನದೊಳಗೇ ಎರಡು ಎದೆನೋವು ಬಂದವು. ಒಂದು ಇಡೀ ಓಣಿಯನ್ನು ಎಬ್ಬಿಸಿತು. ಇನ್ನೊಂದು ಸದ್ದಿಲ್ಲದೆ ಬಂತು.

ಓಣಿ ಎಬ್ಬಿಸಿದ್ದು ಅಣ್ಣನದು. ಟ್ರ್ಯಾಕ್ಟರಿಗೆ ಚೀಲ ಏರಿಸಿ ಬಂದ ರಾತ್ರಿ ಎಡ ಎದೆ ಹಿಡಿದುಕೊಂಡು ಚೀರಿದ. ‘ಹಾರ್ಟ್ ಅಟ್ಯಾಕ್ ಆತೋ ಯಪ್ಪಾ’ ಎಂದು ಅಂಗಳದಲ್ಲಿ ಮಂದಿ ಕೂಡಿತು. ಆಸ್ಪತ್ರೆಯಲ್ಲಿ ವೈದ್ಯರು, ನೋವು ಎಲ್ಲಿದೆ ಬೆರಳಿಟ್ಟು ತೋರಿಸು ಎಂದರು. ಅಣ್ಣ ಒಂದೇ ಬೆರಳನ್ನು ಪಕ್ಕೆಲುಬಿನ ಸಂದಿಗೆ ಇಟ್ಟ. ಅಲ್ಲಿ ಒತ್ತಿದ ಕೂಡಲೇ ಹೌಹಾರಿದ. ಮಗ್ಗುಲು ಬದಲಿಸಿದರೂ, ಕೈ ಎತ್ತಿದರೂ ಅದೇ ಚಳಕು. ಇಸಿಜಿ ಸರಿಯಿತ್ತು. ಪಕ್ಕೆಲುಬು ಎದೆಮೂಳೆಗೆ ಕೂಡುವಲ್ಲಿ ಬಾವು ಬಂದಿತ್ತು, ಅಷ್ಟೇ. ಗುಳಿಗೆ ಕೊಟ್ಟು, ಚೀಲ ಎತ್ತಬೇಡ ಎಂದು ಹೇಳಿ ಕಳಿಸಿದರು.

ಚಿಗವ್ವನದು ಬೇರೆಯೇ ಕಥೆ. ಅರವತ್ತು ದಾಟಿದಾಕೆ, ಹಳೆಯ ಸಕ್ಕರೆ ಕಾಯಿಲೆ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೇ ಎದ್ದು ಗೋಡೆಗೆ ಒರಗಿದಳು. ನೋವು ಎನ್ನಲೇ ಇಲ್ಲ. ‘ಹೊಟ್ಟಿ ತೊಳಸಿದಂಗ ಆಗ್ತೈತಿ, ದವಡಿ ಜಗ್ಗತೈತಿ. ಗ್ಯಾಸ್ ಇರಬೇಕು ಬಿಡೋ’ ಅಂದಳು. ಒಲೆಯ ಮುಂದಿನಿಂದ ಎದ್ದು ಎಷ್ಟೋ ಹೊತ್ತಾದರೂ ಹಣೆಯ ಬೆವರು ನಿಲ್ಲಲಿಲ್ಲ, ಮುಟ್ಟಿದರೆ ಮೈ ತಣ್ಣಗೆ. ಆ ತಣ್ಣನೆಯ ಬೆವರನ್ನು ನೋಡಿಯೇ ಸೊಸೆ 108ಕ್ಕೆ ಫೋನ್ ಮಾಡಿದ್ದು. ಆಸ್ಪತ್ರೆಯಲ್ಲಿ ತೆಗೆದ ಮೊದಲ ಇಸಿಜಿಯಲ್ಲಿ ಏನೂ ಸಿಗಲಿಲ್ಲ. ಚಿಗವ್ವ ಸೆರಗು ಸರಿಮಾಡಿಕೊಂಡು ಮನೆಗೆ ಹೊರಟೇಬಿಟ್ಟಳು. ವೈದ್ಯರು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ತೆಗೆದರು, ಗೆರೆ ಬದಲಾಗಿತ್ತು. ಹೃದಯದ ಕೆಳಗೋಡೆಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು.

ಹೃದಯದ ಕೆಳಭಾಗ ಕೂತಿರುವುದು ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಯ ಮೇಲೆ, ವಪೆಯ ಕೆಳಗೇ ಜಠರ. ಎರಡರ ಸುದ್ದಿಯನ್ನೂ ಮಿದುಳಿಗೆ ಒಯ್ಯುವ ನರಗಳು ಹಾದಿಯಲ್ಲಿ ಕೂಡಿಕೊಳ್ಳುತ್ತವೆ. ಹಾಗಾಗಿ ಕೆಳಗೋಡೆಯ ಆಘಾತ ಓಕರಿಕೆ, ತೇಗು, ಹೊಟ್ಟೆ ಉಬ್ಬರದ ವೇಷದಲ್ಲಿ ಬರುವುದುಂಟು. ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನು ಮಂಕಾಗಿಸಿದ್ದರೆ ನೋವು ಗೊತ್ತೇ ಆಗದಿರಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ ಏದುಸಿರು, ವಿಪರೀತ ಸುಸ್ತು, ಬೆನ್ನುನೋವು ಇವೇ ಮುಂದಾಗುವುದೂ ಉಂಟು. ಈನೋ ಕುಡಿದ ಮೇಲೆ ಹಗುರಾಯಿತು ಎಂಬುದೂ ಪುರಾವೆಯಲ್ಲ. ಹೃದಯದ ನೋವು ತಾನಾಗಿಯೇ ಏರಿ ಇಳಿಯುವುದುಂಟು, ಇಳಿದ ಹೊತ್ತಿಗೆ ಕುಡಿದ ಸೋಡಾಕ್ಕೆ ಹೆಸರು ಬರುತ್ತದೆ.

ಹೃದಯಕ್ಕೆ ಸಂಬಂಧಿಸದ ಎದೆನೋವುಗಳಿಗೂ ತಮ್ಮವೇ ಗುರುತುಗಳಿವೆ. ಆಮ್ಲದ ಉರಿ ಉಂಡ ಮೇಲೆ, ಬಗ್ಗಿದಾಗ, ಮಲಗಿದಾಗ ಹೆಚ್ಚು, ಬಾಯಿಗೆ ಹುಳಿ ಬರುತ್ತದೆ. ಪಿತ್ತಕೋಶದ ಕಲ್ಲು ಎಣ್ಣೆಯೂಟದ ಬಳಿಕ ಬಲ ಹೊಟ್ಟೆಯ ಮೇಲ್ಭಾಗದಲ್ಲಿ ಕಾಡುತ್ತದೆ. ಜ್ವರ, ಕೆಮ್ಮಿನೊಡನೆ ಉಸಿರೆಳೆದಾಗ ಚುಚ್ಚಿದರೆ ಶ್ವಾಸಕೋಶ ನೋಡಬೇಕು. ಸರ್ಪಸುತ್ತಿನಲ್ಲಿ ಗುಳ್ಳೆ ಏಳುವ ಕೆಲವು ದಿನ ಮೊದಲೇ ಒಂದು ಬದಿ ಉರಿಯುತ್ತದೆ. ವಿಪರೀತ ಗಾಬರಿಯಲ್ಲೂ ಎದೆ ಬಡಿದು, ಬೆವರಿ, ಬೆರಳು ಜೋಮು ಹಿಡಿಯುತ್ತದೆ. ಹೃದಯಾಘಾತವಾದವರು ಸಾಮಾನ್ಯವಾಗಿ ಬೆರಳಿಟ್ಟು ತೋರಿಸುವುದಿಲ್ಲ, ಎದೆಯ ನಡುವೆ ಅಂಗೈಯನ್ನೋ ಮುಷ್ಟಿಯನ್ನೋ ಇಡುತ್ತಾರೆ. ಕಲ್ಲು ಹೇರಿದಂತೆ ಎನ್ನುತ್ತಾರೆ. ಅದು ತೋಳು, ಕುತ್ತಿಗೆ, ದವಡೆ, ಬೆನ್ನಿಗೆ ಹರಿಯುತ್ತದೆ, ಮಗ್ಗುಲು ಬದಲಿಸಿದರೆ ಬದಲಾಗುವುದಿಲ್ಲ. ಆದರೆ ಈ ಗುರುತುಗಳು ಒಂದರೊಳಗೊಂದು ಬೆರೆಯುತ್ತವೆ, ವೈದ್ಯರೇ ಒಂದು ಇಸಿಜಿ ನಂಬಿ ಕೂರುವುದಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಟ್ರೋಪೋನಿನ್ ರಕ್ತದಲ್ಲಿ ಏರಲೂ ಕೆಲವು ಗಂಟೆ ಬೇಕು. ಹಾಗಿರುವಾಗ ಪಡಸಾಲೆಯಲ್ಲಿ ಕೂತು ರೋಗ ನಿರ್ಣಯಿಸುವ ಹುಮ್ಮಸ್ಸು ಯಾಕೆ? ಮನೆಯವರು ತೀರ್ಮಾನಿಸಬೇಕಾದದ್ದು ಹೊರಡಬೇಕೋ ಬೇಡವೋ ಎಂಬುದಷ್ಟೇ. ನೋವು ಎಷ್ಟು ಜೋರು ಎಂಬುದು ಅದಕ್ಕೆ ಅಳತೆಯಲ್ಲ. ನಮ್ಮಲ್ಲಿ ಚೀರಿದವನ ಹೃದಯಕ್ಕೆ ಏನೂ ಆಗಿರಲಿಲ್ಲ.

2021ರ ಅಕ್ಟೋಬರ್ 29ರಂದು 46 ವರ್ಷದ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಹಳ್ಳಿಹಳ್ಳಿಯಲ್ಲೂ ಜನ ಬೆಚ್ಚಿಬಿದ್ದರು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಮಟ್ಟದಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಆಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇದಕ್ಕೂ ಮೊದಲೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲೇ ಗೆರೆ ಓದಿ ಸಲಹೆ ಕೊಡುವ ವ್ಯವಸ್ಥೆ ಮಾಡಿದ್ದರು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾಲು ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಉದ್ದುದ್ದ ಸರತಿ ನಿಂತಿತು. ಯಾವ ತೊಂದರೆಯೂ ಇಲ್ಲದವರು ಸಾಲಿನಲ್ಲಿ ನಿಂತರು, ದವಡೆ ಜಗ್ಗುತ್ತಿದ್ದವರು ಮನೆಯಲ್ಲಿ ಸೋಡಾ ಕುಡಿಯುತ್ತಿದ್ದರೇನೋ.

ಹೆಪ್ಪು ಕರಗಿಸುವ ಮದ್ದು ಮೊದಲ ಮೂರು ಗಂಟೆಯೊಳಗೆ ಸಿಕ್ಕರೆ ಲಾಭ ಹೆಚ್ಚು, ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದೇ ಇಲ್ಲ. ಸ್ಟೆಂಟ್ ಹಾಕಿಸಲು ಹೋಗಬೇಕಾದ ಹುಬ್ಬಳ್ಳಿ ನಮ್ಮ ಜಿಲ್ಲಾ ಕೇಂದ್ರ ಹಾವೇರಿಯಿಂದಲೇ ಸುಮಾರು 75 ಕಿ.ಮೀ. ಚಿಗವ್ವನಿಗೆ ಚುಚ್ಚುಮದ್ದು ಮೊದಲು ಬಿತ್ತು, ಹುಬ್ಬಳ್ಳಿಯಲ್ಲಿ ಸ್ಟೆಂಟ್ ಆಮೇಲೆ. ಈಗಲೂ ರೊಟ್ಟಿ ಬಡಿಯುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ. ಅಂದು ಪಕ್ಕದ ಮನೆಯವರು ನಾಲಿಗೆಯಡಿ ಇಡಲು ಸಾರ್ಬಿಟ್ರೇಟ್ ಗುಳಿಗೆ ತಂದಿದ್ದರಂತೆ. ಕೆಳಗೋಡೆಯ ಆಘಾತದಲ್ಲಿ ಅದು ರಕ್ತದೊತ್ತಡವನ್ನು ಪಾತಾಳಕ್ಕೆ ಇಳಿಸಬಲ್ಲದು, ವೈದ್ಯರು ಹೇಳದೆ ಕೊಡಬಾರದು.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ, ಆ ಚುಚ್ಚುಮದ್ದು ಇದೆಯೇ ಎಂದು ಆರಾಮಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಹಳೆಯ ಇಸಿಜಿ ಇದ್ದರೆ ಜೋಪಾನವಾಗಿಡಿ, ಹೋಲಿಸಿ ನೋಡಲು ವೈದ್ಯರಿಗೆ ಬೇಕಾಗುತ್ತದೆ. ಎದೆ ಹಿಡಿದುಕೊಂಡು ಬೆವರುತ್ತಿರುವವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಬೇಡಿ, 108ಕ್ಕೆ ಕರೆ ಮಾಡಿ.