ಸೀಸದ ಮೇಲೊಂದು ಸೈಕಲ್ ಹಾದಿ

ಪ್ರಶ್ನೆ: ಅಮೆರಿಕದ ಐಡಹೋ ರಾಜ್ಯದಲ್ಲಿ ಹಳೆಯ ರೈಲು ಹಳಿ ಕಿತ್ತು ಮಾಡಿದ ಸೈಕಲ್ ಹಾದಿಯೊಂದಿದೆಯಂತೆ. ಸಿಯಾಟಲ್‌ನಲ್ಲಿರುವ ಮಗ–ಸೊಸೆ ಈ ಬೇಸಿಗೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೊರಟಿದ್ದಾರೆ. ಆದರೆ ಹಾದಿಯುದ್ದಕ್ಕೂ ‘ಪಕ್ಕದ ಮಣ್ಣಿಗೆ ಇಳಿಯಬೇಡಿ, ಕೈ ತೊಳೆಯದೆ ತಿನ್ನಬೇಡಿ’ ಎಂಬ ಫಲಕಗಳಿವೆ ಎಂದು ಕೇಳಿದೆ. ನೆಲ ಶುದ್ಧ ಮಾಡಿಯಾಗಿದೆ ಎಂದ ಮೇಲೆ ಈ ಎಚ್ಚರಿಕೆ ಯಾಕೆ? ಅಷ್ಟಕ್ಕೂ ರೈಲು ಓಡಿದ ನೆಲದಲ್ಲಿ ವಿಷ ಎಲ್ಲಿಂದ ಬಂತು?

ಉತ್ತರ: ಮೊದಲು ಮೊಮ್ಮಗಳ ವಿಷಯ. ಧಾರಾಳವಾಗಿ ಹೋಗಿಬರಲಿ. ಡಾಂಬರು ಹಾಕಿದ ಭಾಗದಲ್ಲೇ ಇರಲಿ, ಬುತ್ತಿ ಬಿಚ್ಚುವುದಿದ್ದರೆ ಅದಕ್ಕೆಂದೇ ಮಾಡಿರುವ ಮೇಜುಗಳ ಬಳಿ ಬಿಚ್ಚಲಿ, ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಲಿ, ನದಿ ದಂಡೆಯ ಮರಳಲ್ಲಿ ಆಡಲು ಬಿಡುವುದು ಬೇಡ. ಸಂಜೆ ಮಗುವಿನ ಕೈ, ಚಪ್ಪಲಿ, ಸೈಕಲ್ಲಿನ ಚಕ್ರ ತೊಳೆದುಬಿಟ್ಟರೆ ಮುಗಿಯಿತು. ಇಷ್ಟು ಮಾಡಿದವರಿಗೆ ಆ ಹಾದಿಯಿಂದ ಹೆದರಿಕೆಯಿಲ್ಲ. ಕೆರೆಗಳ ಸಾಲು, ಕಡವೆಗಿಂತ ದೊಡ್ಡದಾದ ಮೂಸ್ ಎಂಬ ಪ್ರಾಣಿ, ಸರೋವರದ ಮೇಲೆ ಹಾದುಹೋಗುವ ಹಳೆಯ ರೈಲು ಸೇತುವೆ: ನೋಡತಕ್ಕ ಜಾಗವೇ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ನೀವು ಹೇಳುತ್ತಿರುವುದು ‘ಟ್ರೇಲ್ ಆಫ್ ದಿ ಕೊರ್ ಡಲೇನ್ಸ್’ ಎಂಬ ಹಾದಿ. ಮೊಂಟಾನಾ ಗಡಿಗೆ ಹತ್ತಿರದ ಮಲ್ಲನ್ ಎಂಬ ಗಣಿಯೂರಿನಿಂದ ಕೊರ್ ಡಲೇನ್ ಬುಡಕಟ್ಟಿನವರ ಪ್ರದೇಶದಲ್ಲಿರುವ ಪ್ಲಮ್ಮರ್‌ವರೆಗೆ ಸುಮಾರು 117 ಕಿಲೋಮೀಟರ್. ಒಂದು ಕಾಲಕ್ಕೆ ಇದು ಯೂನಿಯನ್ ಪೆಸಿಫಿಕ್ ಕಂಪನಿಯ ರೈಲುದಾರಿ.

ಯಾವ ದೇಶದಲ್ಲೇ ಆಗಲಿ, ಹಳೆಯ ರೈಲು ನೆಲ ನಿರ್ಮಲವಾಗಿರುವುದು ಅಪರೂಪ. ಮರದ ಸ್ಲೀಪರ್‌ಗಳಿಗೆ ಗೆದ್ದಲು ಹತ್ತದಿರಲೆಂದು ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಉಣಿಸುತ್ತಿದ್ದರು. ಹಳಿಗಳ ನಡುವೆ ಕಳೆ ಬೆಳೆಯದಂತೆ ಆರ್ಸೆನಿಕ್ ಬೆರೆತ ಔಷಧ ಸಿಂಪಡಿಸುವುದು ಕಳೆದ ಶತಮಾನದ ಮೊದಲರ್ಧದಲ್ಲಿ ಮಾಮೂಲು. ಉಗಿ ಎಂಜಿನ್ನಿನ ಬೂದಿಯನ್ನು ಹಳಿಯ ಕೆಳಗೇ ತುಂಬುತ್ತಿದ್ದರು. ಆಮೇಲೆ ಬಂದದ್ದು ಡೀಸೆಲ್ಲು, ಗ್ರೀಸು. ಹಾಗಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಪರಿಸರ ಇಲಾಖೆ ರೈಲುದಾರಿಗಳನ್ನು ನಡೆಹಾದಿ ಮಾಡುವವರಿಗೆಂದೇ ಒಂದು ಮಾರ್ಗದರ್ಶಿ ಹೊರತಂದಿದೆ. ನೆಲ ಮಲಿನವಾಗಿದೆ ಎಂದೇ ಭಾವಿಸಿಕೊಂಡು, ಮಣ್ಣು ಜನರ ಕೈಗೆ ಸಿಗದಂತೆ ಮುಚ್ಚಿ ಕೆಲಸ ಮಾಡಿ ಎಂಬುದು ಅದರ ಒಟ್ಟು ಧೋರಣೆ.

ಐಡಹೋದ ಕತೆ ಇದಕ್ಕಿಂತ ಕೆಟ್ಟದ್ದು.

1885ರಲ್ಲಿ ನೋವಾ ಕೆಲಾಗ್ ಎಂಬ ಬಡಗಿ ಅಲ್ಲಿ ಬೆಳ್ಳಿ–ಸೀಸದ ದೊಡ್ಡ ನಿಕ್ಷೇಪವೊಂದನ್ನು ಕಂಡುಹಿಡಿದ. ನಿಜವಾಗಿ ಕಂಡುಹಿಡಿದದ್ದು ಅವನ ಕತ್ತೆ ಎಂದು ಆ ಊರಿನವರೇ ನಗುತ್ತಾರೆ. ಊರಿನ ಹೆಸರು ಮಾತ್ರ ಕತ್ತೆಗೆ ದಕ್ಕದೆ ಕೆಲಾಗ್ ಪಾಲಾಯಿತು. ಕೆಲವೇ ವರ್ಷದಲ್ಲಿ ಕಣಿವೆಗೆ ರೈಲು ಬಂತು. ಹಳಿಯ ಕೆಳಗೆ ಹಾಕಲು ಜಲ್ಲಿ ಬೇಕಲ್ಲ, ಗಣಿಯ ಬಾಯಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಅದಿರಿನ ತ್ಯಾಜ್ಯವನ್ನೇ ಸುರಿದರು. ಅದರ ಮೇಲೆ ನೂರು ವರ್ಷ ಓಡಿದ ಗಾಡಿಗಳು ಅದಿರಿನ ಪುಡಿಯನ್ನು ಚೆಲ್ಲುತ್ತ ಸಾಗಿದವು. ಹೀಗಾಗಿ ಆ ರೈಲುದಾರಿಯಲ್ಲಿ ವಿಷ ಮೇಲಿಂದ ಬಿದ್ದದ್ದಷ್ಟೇ ಅಲ್ಲ, ದಾರಿಯ ಬುನಾದಿಯೇ ಸೀಸ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಬೆರೆತ ಪುಡಿಯಿಂದಾಗಿತ್ತು.

ಪಕ್ಕದಲ್ಲಿ ಹರಿಯುವ ನದಿಯ ಗತಿಯೂ ಅದೇ. 1968ರವರೆಗೆ ಗಣಿಗಳು ತ್ಯಾಜ್ಯವನ್ನು ನೇರವಾಗಿ ನದಿಗೆ ಬಿಡುತ್ತಿದ್ದವು. ಹಾಗೆ ಸೇರಿದ್ದು ಸುಮಾರು 6 ಕೋಟಿ ಟನ್ ಎಂದು ಅಂದಾಜು. 1973ರಲ್ಲಿ ಕೆಲಾಗ್‌ನ ಬಂಕರ್ ಹಿಲ್ ಸೀಸದ ಕುಲುಮೆಯಲ್ಲಿ ಹೊಗೆ ಸೋಸುವ ಘಟಕಕ್ಕೆ ಬೆಂಕಿ ಬಿತ್ತು. ಸೀಸದ ಬೆಲೆ ಏರುತ್ತಿದ್ದ ಕಾಲ. ಮಾಲೀಕರು ಕುಲುಮೆ ನಿಲ್ಲಿಸಲಿಲ್ಲ. ಮರುವರ್ಷ ಪರೀಕ್ಷೆ ಮಾಡಿದಾಗ ಕುಲುಮೆಯಿಂದ ಒಂದು ಮೈಲಿಯೊಳಗಿನ ಬಹುತೇಕ ಎಲ್ಲ ಮಕ್ಕಳ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 40 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. ಇಂದು ಅಮೆರಿಕದ ಆರೋಗ್ಯ ಸಂಸ್ಥೆ 3.5 ಮೈಕ್ರೋಗ್ರಾಂ ಕಂಡರೇ ಆ ಮಗುವಿನ ಮೇಲೆ ಕಣ್ಣಿಡಿ ಎನ್ನುತ್ತದೆ. ಕುಲುಮೆ ಮುಚ್ಚಿದ್ದು 1981ರಲ್ಲಿ. 1983ರಲ್ಲಿ ಇಡೀ ಜಾಗ ‘ಸೂಪರ್‌ಫಂಡ್’ ಪಟ್ಟಿಗೆ ಸೇರಿತು. ಮಲಿನ ಮಾಡಿದವರೇ ಶುಚಿಗೊಳಿಸುವ ಖರ್ಚು ಹೊರಬೇಕು ಎನ್ನುವ, 1980ರ ಕಾಯ್ದೆಯಡಿ ಬರುವ ಪಟ್ಟಿ ಅದು.

ಸೀಸದ ತೊಂದರೆ ಏನೆಂದರೆ ಅದು ಮೂಲವಸ್ತು. ಡೀಸೆಲ್ ಚೆಲ್ಲಿದ ಮಣ್ಣನ್ನು ಕೆದಕಿ, ಗಾಳಿ–ತೇವ ಕೊಟ್ಟರೆ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಕ್ರಿಯೋಸೋಟ್ ಕೂಡ ತಕ್ಕಮಟ್ಟಿಗೆ ಕೊಳೆಯುತ್ತದೆ. ಸೀಸವಾಗಲಿ ಆರ್ಸೆನಿಕ್ ಆಗಲಿ ಕೊಳೆತು ಬೇರೇನೋ ಆಗುವುದಿಲ್ಲ. ಸಾವಿರ ವರ್ಷದ ಮೇಲೂ ಸೀಸ ಸೀಸವೇ. ಅಗೆದು ತೆಗೆದರೆ ಇನ್ನೊಂದು ಕಡೆ ಇಡಬೇಕು. ಇಲ್ಲಿ ಇಲ್ಲವೆಂದರೆ ಅಲ್ಲಿ ಇದೆ ಎಂದೇ ಅರ್ಥ.

ಗಿಡ ನೆಟ್ಟು ಹೀರಿಸಬಾರದೇ ಎಂದು ಮುಂದಿನ ಪತ್ರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ಆರ್ಸೆನಿಕ್ಕನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ ಎಂಬುದು 2001ರಲ್ಲಿ ಫ್ಲಾರಿಡಾದ ಸಂಶೋಧಕರಿಂದ ಗೊತ್ತಾಯಿತು. ನಮ್ಮೂರುಗಳ ಹಳೆಯ ಗೋಡೆ, ಬಾವಿಕಟ್ಟೆಯ ಸಂದಿಗಳಲ್ಲಿ ಬೆಳೆಯುವ ಜರಿಯೇ ಅದು. ಆದರೆ ಅದು ಐಡಹೋದ ಹಿಮ ತಾಳದು. ಸೀಸವನ್ನು ಹೀರುವುದೂ ಅದರ ಕಸುಬಲ್ಲ. ರಂಜಕದ ಗೊಬ್ಬರ ಬೆರೆಸಿದರೆ ಸೀಸ ನೀರಿನಲ್ಲಿ ಕರಗದ ಖನಿಜವಾಗಿ ಗಟ್ಟಿಯಾಗುತ್ತದೆ, ನಿಜ. ಆದರೆ ಅದೇ ರಂಜಕ ಮಣ್ಣಿಗಂಟಿದ್ದ ಆರ್ಸೆನಿಕ್ಕನ್ನು ಬಿಡಿಸಿ ನೀರಿಗೆ ಬಿಡಬಲ್ಲದು. ಎರಡೂ ಇರುವ ನೆಲದಲ್ಲಿ ಒಂದನ್ನು ಕಟ್ಟಿಹಾಕಲು ಹೋಗಿ ಇನ್ನೊಂದರ ಹಗ್ಗ ಬಿಚ್ಚಿದಂತಾಗುತ್ತದೆ.

1990ರ ದಶಕದ ಆರಂಭದಲ್ಲಿ ರೈಲು ನಿಂತಾಗ ಅಮೆರಿಕ ಸರ್ಕಾರ, ಐಡಹೋ ರಾಜ್ಯ, ಕೊರ್ ಡಲೇನ್ ಬುಡಕಟ್ಟು ಮತ್ತು ಯೂನಿಯನ್ ಪೆಸಿಫಿಕ್ ಕಂಪನಿ ಮಾತುಕತೆಗೆ ಕೂತವು. ಇಷ್ಟುದ್ದದ ಪಟ್ಟಿಯನ್ನು ಪೂರ್ತಿ ಅಗೆದು ಸಾಗಿಸುವುದು ಯಾರ ಲೆಕ್ಕಕ್ಕೂ ಒಗ್ಗಲಿಲ್ಲ. ಕೊನೆಗೆ ಹಳಿ ಮತ್ತು ಸ್ಲೀಪರ್ ಕಿತ್ತರು, ಕೆಲವೆಡೆ ಮಲಿನ ಮಣ್ಣನ್ನು ಅಗೆದು ಒಯ್ದರು, ಉಳಿದುದರ ಮೇಲೆ ದಪ್ಪಗೆ ಡಾಂಬರು ಹಾಕಿ ಅಂಚಿಗೆ ಶುದ್ಧ ಜಲ್ಲಿ ಹೊದಿಸಿದರು. ಖರ್ಚಿನ ಹೊಣೆ ರೈಲು ಕಂಪನಿಯದು. ವಿಷ ಮುಚ್ಚಲು ಡಾಂಬರು ಹೇಗೂ ಹಾಕಬೇಕಿತ್ತು. ಡಾಂಬರು ಹಾಕಿದ ಮೇಲೆ ಸೈಕಲ್ ಓಡಿಸಲು ಏನಡ್ಡಿ? ಹಾದಿ ಜನರಿಗೆ ತೆರೆದದ್ದು 2004ರಲ್ಲಿ. ಸವಾರರು ಇದನ್ನು ರಸ್ತೆ ಎನ್ನುತ್ತಾರೆ, ಪರಿಸರ ಇಲಾಖೆಯ ಕಡತದಲ್ಲಿ ಅದೇ ವಿಷದ ಮೇಲಿನ ಮುಚ್ಚಳ. ಬಳಕೆಯಲ್ಲಿರುವ ಮುಚ್ಚಳದಲ್ಲಿ ಬಿರುಕು ಬಿಟ್ಟರೆ ಯಾರಾದರೂ ದೂರು ಕೊಡುತ್ತಾರೆ ಎಂಬುದೂ ಒಂದು ಲಾಭ. ಈ ಜಾಣತನವನ್ನು ನಾನು ಮೆಚ್ಚುತ್ತೇನೆ.

ನಮ್ಮ ಹಳ್ಳಿಮನೆಗಳಲ್ಲಿ ಮಣ್ಣಿನ ನೆಲಕ್ಕೆ ಸಗಣಿ ಸಾರಿಸುತ್ತಿದ್ದರಲ್ಲ, ಇದೂ ಆ ಬಗೆಯದೇ. ಸಾರಿಸಿದ್ದರಿಂದ ಮಣ್ಣು ಎಲ್ಲೂ ಹೋಗುವುದಿಲ್ಲ, ಧೂಳು ಏಳದಂತೆ ಕೂರುತ್ತದೆ. ವಾರ ಬಿಟ್ಟರೆ ಮತ್ತೆ ಏಳುತ್ತದೆ. ನಿಮ್ಮ ಫಲಕಗಳ ಗುಟ್ಟು ಇಷ್ಟೇ. ಮಣ್ಣಿನ ಸೀಸ ಚರ್ಮದ ಮೂಲಕ ಒಳಗೆ ಹೋಗುವುದು ತೀರ ಕಡಿಮೆ. ಅದು ಹೋಗುವುದು ಬಾಯಿಂದ, ಅದೂ ಧೂಳು ಮೆತ್ತಿದ ಕೈಯಿಂದ. ಅದರಲ್ಲೂ ಸಣ್ಣ ಮಕ್ಕಳ ಕರುಳು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ, ಮತ್ತು ಅದು ಕ್ಯಾಲ್ಸಿಯಂ ವೇಷದಲ್ಲಿ ಮೂಳೆ ಸೇರಿ ಕೂರುತ್ತದೆ. ಡಾಂಬರು ಒಂದು ಅಡ್ಡಗೋಡೆಯಾದರೆ ಕೈ ತೊಳೆಯುವುದು ಎರಡನೆಯದು. ಫಲಕ ಕಂಡು ‘ಹಾಗಾದರೆ ಏನೂ ಮಾಡಿಲ್ಲ’ ಎಂದುಕೊಳ್ಳಬೇಡಿ. ಫಲಕವೂ ಆ ಕೆಲಸದ ಭಾಗವೇ.

ಮನೆಗಳ ಅಂಗಳಕ್ಕೆ ಮಾತ್ರ ಬೇರೆ ಅಳತೆ. ಕೆಲಾಗ್ ಸುತ್ತಿನ ಊರುಗಳಲ್ಲಿ ಸಾವಿರಾರು ಅಂಗಳಗಳ ಮಣ್ಣನ್ನು ಒಂದಡಿ ಆಳ, ತರಕಾರಿ ಮಡಿಗಳಲ್ಲಿ ಎರಡಡಿ ಆಳ ತೆಗೆದು ಹೊಸ ಮಣ್ಣು ತುಂಬಿದರು. ದಿನಾ ಅಲ್ಲೇ ಆಡುವ ಮಗುವಿಗೆ ಫಲಕ ಸಾಲದು ಎಂದು ಅವರಿಗೂ ಗೊತ್ತು. ಲಾಸ್ ಏಂಜಲೀಸ್‌ನಲ್ಲಿ ನದಿಪಕ್ಕದ ಟೇಲರ್ ಯಾರ್ಡ್ ಎಂಬ ಹಳೆಯ ರೈಲು ಅಂಗಳದ 42 ಎಕರೆಯನ್ನು ನಗರಪಾಲಿಕೆ 2017ರಲ್ಲಿ ಕೊಂಡಿತು, ಉದ್ಯಾನ ಮಾಡಬೇಕೆಂದು. ಅಲ್ಲಿನ ಮಣ್ಣಿನಲ್ಲೂ ಸೀಸ, ಆರ್ಸೆನಿಕ್, ಎಣ್ಣೆ. ಹುಲ್ಲಿನ ಮೇಲೆ ಮಕ್ಕಳು ಉರುಳಾಡುವ ಜಾಗಕ್ಕೆ ಡಾಂಬರಿನ ಉಪಾಯ ನಡೆಯದು, ಹಾಗಾಗಿ ಕೆಲಸ ನಿಧಾನ. ನೆಲವನ್ನು ಎಷ್ಟು ಶುಚಿ ಮಾಡುತ್ತಾರೆ ಎಂಬುದನ್ನು ಅಲ್ಲಿ ಯಾರು ಏನು ಮಾಡುತ್ತಾರೆ ಎಂಬುದೇ ನಿರ್ಧರಿಸುತ್ತದೆ. ಇದರಲ್ಲಿ ಮೋಸವೇನಿಲ್ಲ, ಆದರೆ ಲೆಕ್ಕ ಹಾಕುವಾಗ ಯಾರನ್ನು ಕಣ್ಣಮುಂದೆ ಇಟ್ಟುಕೊಂಡಿದ್ದಾರೆ ಎಂದು ಕೇಳಬೇಕಾಗುತ್ತದೆ.

ಐಡಹೋದಲ್ಲಿ ನನಗೆ ಸಮಾಧಾನವಾಗದಿರುವುದು ಇಲ್ಲೇ. ಡಾಂಬರಿನ ಲೆಕ್ಕ ಹಾದುಹೋಗುವವರದು. ವಲಸೆ ಬರುವ ಹಂಸಗಳು ಹಾದಿ ಪಕ್ಕದ ಜೌಗಿನಲ್ಲಿ ಗೆಡ್ಡೆಗಾಗಿ ಕೆಸರು ಬಗೆಯುತ್ತವೆ, ಕೆಸರಿನೊಂದಿಗೆ ಸೀಸ ನುಂಗುತ್ತವೆ, ಜೀರ್ಣಾಂಗ ಸ್ತಬ್ಧವಾಗಿ, ತಿಂದದ್ದು ಗಂಟಲಲ್ಲೇ ನಿಂತು, ಹಸಿದು ಸಾಯುತ್ತವೆ. ಹಂಸಕ್ಕೆ ಫಲಕ ಓದಲು ಬಾರದು. ಕೊರ್ ಡಲೇನ್ ಜನರಿಗೆ ಓದಲು ಬರುತ್ತದೆ, ಆದರೆ ಅವರು ಶರತ್ಕಾಲದಲ್ಲಿ ಸರೋವರದಂಚಿನ ಕೆಸರಿನಿಂದ ನೀರಾಲೂಗೆಡ್ಡೆ ಕೀಳುವುದು ತಲೆಮಾರುಗಳಿಂದ ಬಂದ ಪದ್ಧತಿ. ‘ಮಣ್ಣು ಮುಟ್ಟಬೇಡಿ’ ಎಂಬುದು ಪ್ರವಾಸಿಗೆ ಒಂದು ದಿನದ ಸಲಹೆ, ಅವರಿಗೆ ಅದು ಊಟವನ್ನೇ ಬಿಡಿ ಎಂದಂತೆ. ಆ ಬುಡಕಟ್ಟು ಗಣಿ ಕಂಪನಿಗಳ ಮೇಲೆ 1991ರಲ್ಲೇ ದಾವೆ ಹೂಡಿತು. ಸರೋವರದ ದಕ್ಷಿಣದ ಮೂರನೇ ಒಂದು ಭಾಗ ಅವರದೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತು. ಅವರ ಪಟ್ಟು ಇಲ್ಲದಿದ್ದರೆ ಇಷ್ಟಾದರೂ ಆಗುತ್ತಿತ್ತೇ ಎಂದು ನನಗೆ ಅನುಮಾನ.

ಮುಚ್ಚಳಕ್ಕೆ ಇನ್ನೊಂದು ಶತ್ರು ನದಿಯೇ. 1996ರ ಫೆಬ್ರವರಿಯ ನೆರೆಯಲ್ಲಿ ಒಂದೇ ದಿನ ನೂರಾರು ಟನ್ ಸೀಸ ಸರೋವರಕ್ಕೆ ಕೊಚ್ಚಿಹೋಯಿತು ಎಂದು ಲೆಕ್ಕ ಹಾಕಿದ್ದಾರೆ. ನೀರು ಏರಿ ಇಳಿದಾಗ ಮೇಲಿನ ಕಣಿವೆಯ ಕೆಸರು ಹಾದಿಯ ಮೇಲೆ ಕೂರುತ್ತದೆ, ಅದನ್ನು ಗುಡಿಸಬೇಕು. ಬೇರು ಡಾಂಬರು ಎಬ್ಬಿಸಿದರೆ ತೇಪೆ ಹಾಕಬೇಕು. ಈ ಕೆಲಸಕ್ಕೆ ಕೊನೆಯ ದಿನಾಂಕವಿಲ್ಲ. ಅದಕ್ಕೇ, ಮುಚ್ಚಿ ಕೈತೊಳೆದುಕೊಳ್ಳುವ ಯೋಜನೆಗಿಂತ, ಮುಂದೆ ನೋಡಿಕೊಳ್ಳುವವರು ಯಾರು, ದುಡ್ಡು ಯಾರದು ಎಂದು ಬರೆದಿಟ್ಟ ಯೋಜನೆ ಮೇಲು. ಐಡಹೋದವರು ಅದನ್ನು ಬರೆದಿಟ್ಟಿದ್ದಾರೆ, ನ್ಯಾಯಾಲಯದ ಒಪ್ಪಂದದ ರೂಪದಲ್ಲಿ.

ನಮ್ಮಲ್ಲಿ ಇಂಥದ್ದಿದೆಯೇ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಇಂದಿಗೂ ಓಡುತ್ತಿದೆ, ಅದನ್ನು ಸೈಕಲ್ ಹಾದಿ ಮಾಡುವ ಪ್ರಮೇಯವಿಲ್ಲ. ಆದರೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಐಡಹೋದ ಜಲ್ಲಿಗೆ ನೆಂಟರೇ: ಚಿನ್ನ ತೆಗೆದುಕೊಂಡ ಮೇಲೆ ಉಳಿದ, ಸುಮಾರು 3.3 ಕೋಟಿ ಟನ್ ಅದಿರಿನ ಪುಡಿ. ಗಣಿ 2001ರಲ್ಲಿ ಮುಚ್ಚಿತು. ಗಾಳಿ ಬೀಸಿದಾಗ ಆ ಧೂಳು ಊರೊಳಗೆ ಬರುತ್ತದೆ, ಸಿನಿಮಾದವರು ಅದರ ಮೇಲೆ ಕ್ಯಾಮೆರಾ ಇಡುತ್ತಾರೆ. ಮಲಿನ ನಿವೇಶನಗಳನ್ನು ಗುರುತಿಸಿ, ಹೊಣೆಗಾರರಿಂದ ಖರ್ಚು ವಸೂಲಿ ಮಾಡಿ ಶುಚಿಗೊಳಿಸಲು ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಮೊದಲ ಬಾರಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿದೆ. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಮಾತ್ರ ಸಾಮಾನ್ಯವಾಗಿ ಆ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ.